ಮಾಟುಂಗದ ಸಂಜೆಬೆಳಕನ್ನು ಕಾಗದಕ್ಕೆ ಇಳಿಸುವ ಕುರಿತು

ಮುಂಬೈಯ ಮಾಟುಂಗದ ಹೂವಿನಂಗಡಿಗಳ ಸಾಲನ್ನು ಸಂಜೆ ಜಲವರ್ಣದಲ್ಲಿ ಚಿತ್ರಿಸಲು ಕುಳಿತರೆ ಅರ್ಧ ಮುಗಿಯುವಷ್ಟರಲ್ಲಿ ನೆರಳುಗಳು ಜಾಗ ಬದಲಿಸಿರುತ್ತವೆ, ಫೋಟೋ ನೋಡಿ ಚಿತ್ರಿಸುವುದೇ ಒಳ್ಳೆಯದೇ ಎಂದು ಕೇಳಿದ್ದೀರಿ. ಫೋಟೋ ನೆನಪಿಗೆ ಇರಲಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ಸೂರ್ಯ ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತಾನೆ. ದಿಗಂತ ಸಮೀಪಿಸಿದಂತೆ ನೆರಳು ಬಹಳ ಬೇಗ ಉದ್ದವಾಗುತ್ತದೆ. ಆದ್ದರಿಂದ ರೇಖೆಗಳು ಮುಗಿದೊಡನೆ, ಉಳಿದ ಬಣ್ಣಗಳ ಗೊಡವೆಗೆ ಹೋಗದೆ, ನೆರಳುಗಳ ಅಂಚನ್ನು ಪೆನ್ಸಿಲಿನಲ್ಲಿ ಗುರುತಿಸಿ ಒಂದೇ ತೆಳು ಬೂದುನೀಲಿ ಲೇಪದಿಂದ ತುಂಬಿಬಿಡಿ. ಆಮೇಲೆ ಬೀದಿ ಎಷ್ಟೇ ಬದಲಾದರೂ ಅವನ್ನು ತಿದ್ದಬೇಡಿ. ಚೆಂಡುಹೂವಿನ ಒಂದು ರಾಶಿಯನ್ನೇ ಗಮನಿಸಿ: ಬಿಸಿಲಿಗೆ ತೆರೆದ ಬದಿ ಉಜ್ವಲ ಹಳದಿ, ಮರೆಯ ಬದಿ ಕಂದು ಬೆರೆತ ಕೆಂಪು, ನೀಲಿ ಟಾರ್ಪಾಲಿನ ಮೂಲಕ ಸೋಸಿಬಂದ ಬೆಳಕು ತಾಗಿದಲ್ಲಿ ಮಾತ್ರ ಮಂಕು ಹಸಿರು. ಫೋನಿನ ಕ್ಯಾಮೆರಾ ಇಂಥ ನೆರಳುಗಳನ್ನು ಬಹುಪಾಲು ಕಪ್ಪಾಗಿಸಿಬಿಡುತ್ತದೆ, ಇಲ್ಲವೇ ಅಗತ್ಯ ಮೀರಿ ಬೆಳಗಿಸುತ್ತದೆ.

ಫ್ರಾನ್ಸಿನ ರುವಾನ್ ಊರಿನ ಕೆಥೆಡ್ರಲನ್ನು 1892–93ರಲ್ಲಿ ಚಿತ್ರಿಸುವಾಗ ಫ್ರೆಂಚ್ ಚಿತ್ರಕಾರ ಮೋನೆ ಬೆಳಕು ಬದಲಾದಂತೆ ಕ್ಯಾನ್ವಾಸನ್ನೇ ಬದಲಿಸುತ್ತಿದ್ದರು. ನೀವೂ ಎರಡು ಸಣ್ಣ ಹಾಳೆಗಳನ್ನು ಇಟ್ಟುಕೊಳ್ಳಿ, ಒಂದು ಇಳಿಬಿಸಿಲಿಗೆ, ಇನ್ನೊಂದು ಅಂಗಡಿಗಳ ದೀಪ ಹತ್ತಿದ ಮೇಲಿನ ಹೊತ್ತಿಗೆ. ಜನರ ಓಡಾಟಕ್ಕೆ, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ, ಉಡುಪಿ ಬಳಿಯ ನಮ್ಮ ಕಟ್ಟಿಂಗೇರಿಯ ಚಿತ್ರಕಾರ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ದಯವಿಟ್ಟು ನೋಡಿ. ಕೆಲವೇ ಗೆರೆಗಳಲ್ಲಿ ಇಡೀ ದೇಹ ಚಲಿಸುತ್ತದೆ. ಮಳೆಗಾಲದಲ್ಲಿ ಲೇಪ ಒಣಗಲು ಬಹಳ ಹೊತ್ತು ಹಿಡಿಯುವುದರಿಂದ ಆಗ ನೀರನ್ನು ಕಡಿಮೆ ಬಳಸಿ.