‘ಶಹಬ್ಬಾಸ್’ ಅಂದರೆ ಸಾಕು, ಗಂಟಲು ಕಟ್ಟುತ್ತದೆ

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಧಾರವಾಡದ ಹತ್ತಿರದ ಊರು. ಹಿಂದೂಸ್ತಾನಿ ಕಲಿತಿದ್ದೇನೆ, ಮಕ್ಕಳಿಗೆ ಪಾಠ ಹೇಳುತ್ತೇನೆ. 9 ವರ್ಷದವಳಿದ್ದಾಗ ಅಪ್ಪನ ಗೆಳೆಯರೊಬ್ಬರು, ನಾವೆಲ್ಲ ಕಾಕಾ ಅನ್ನುತ್ತಿದ್ದವರು, ಹಾಡು ಕೇಳುವ ನೆಪದಲ್ಲಿ ಒಳಗೆ ಕರೆಯುತ್ತಿದ್ದರು. ‘ಶಹಬ್ಬಾಸ್, ಎಂಥಾ ಕಂಠ’ ಅನ್ನುತ್ತಲೇ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದರು. ಎರಡು ವರ್ಷ ನಡೆಯಿತು. ಅವ್ವನಿಗೆ ಹೇಳಿದಾಗ ‘ಯಾರ ಮುಂದೂ ಹೇಳಬ್ಯಾಡ’ ಅಂದಳು. ಈಗ ಮನೆಯಲ್ಲಿ ಒಬ್ಬಳೇ ಹಾಡಿದರೆ ಏನೂ ತೊಂದರೆ ಇಲ್ಲ. ಕಾರ್ಯಕ್ರಮದಲ್ಲಿ ಮುಂದೆ ಕೂತ ಹಿರಿಯರು ತಲೆದೂಗಿ ‘ವಾಹ್’ ಅಂದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಹೋದ ವರ್ಷ ಮೂರು ಕಾರ್ಯಕ್ರಮ ಬಿಟ್ಟೆ. ‘ಆ ನೋವಿನಿಂದಲೇ ನಿನ್ನ ದನಿಗೆ ಇಷ್ಟು ಭಾವ ಬಂದಿದೆ’ ಅನ್ನುತ್ತಾಳೆ ಗೆಳತಿ. ಚಿಕಿತ್ಸೆ ತೆಗೆದುಕೊಂಡರೆ ಹಾಡೂ ಹೋಗಿಬಿಟ್ಟರೆ?
– ಹೆಸರು ಬೇಡ

ಉತ್ತರ: ಹಾಡು ಹೋಗುವುದಿಲ್ಲ. ಆ ಭಯವನ್ನು ಇವತ್ತೇ ಕೆಳಗಿಡಿ.

ನಿಮ್ಮ ಪತ್ರದಲ್ಲೇ ಒಂದು ಮಾತಿದೆ, ನೀವು ಗಮನಿಸಿದಿರೋ ಇಲ್ಲವೋ. ಅವರು ಒಳಗೆ ಕರೆದದ್ದು ಹಾಡು ಕೇಳುವ ನೆಪದಲ್ಲಿ. ಅಂದರೆ ಅವರು ಮುಟ್ಟುವ ಮೊದಲೇ ನಿಮಗೆ ಹಾಡು ಬರುತ್ತಿತ್ತು. ಆ ಕಂಠ 9 ವರ್ಷದ ಹುಡುಗಿಯದು, ಪೂರ್ತಿ ಅವಳದು. ಅದರ ಶ್ರೇಯಸ್ಸಿನಲ್ಲಿ ಆ ಮನುಷ್ಯನಿಗೆ ಒಂದು ಚೂರೂ ಪಾಲು ಕೊಡಬೇಡಿ. ಗೆಳತಿ ಪ್ರೀತಿಯಿಂದಲೇ ಹೇಳಿರಬಹುದು. ಆದರೆ ನೋವು ಉಂಡರೇ ಕಲೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ನೋವು ನಿಮ್ಮಿಂದ ಏನು ಕಿತ್ತುಕೊಂಡಿದೆ ಅನ್ನುವುದಕ್ಕೆ ಲೆಕ್ಕ ನಿಮ್ಮ ಹತ್ತಿರವೇ ಇದೆ: ಒಂದೇ ವರ್ಷದಲ್ಲಿ ಮೂರು ಕಾರ್ಯಕ್ರಮ.

ಈಗ ‘ವಾಹ್’ ವಿಷಯಕ್ಕೆ ಬರೋಣ. ಮಕ್ಕಳನ್ನು ಬಳಸಿಕೊಳ್ಳುವವರು ಹೆಚ್ಚಾಗಿ ಹೊಗಳಿಕೆಯಿಂದಲೇ ಶುರು ಮಾಡುತ್ತಾರೆ. ಮಗುವಿಗೆ ಯಾವುದು ಇಷ್ಟವೋ ಅದನ್ನೇ ಹಿಡಿಯುತ್ತಾರೆ. ನಿಮ್ಮ ವಿಷಯದಲ್ಲಿ ಅದು ಹಾಡು. ‘ಶಹಬ್ಬಾಸ್’ ಕೇಳಿದರೆ ಮುಂದೆ ಏನಾಗುತ್ತದೆ ಅಂತ ಎರಡು ವರ್ಷದಲ್ಲಿ ನಿಮ್ಮ ಮೈ ಕಲಿತುಬಿಟ್ಟಿತು. ಅಪಾಯದ ಪಾಠವನ್ನು ಮಿದುಳು ಬೇಗ ಮರೆಯುವುದಿಲ್ಲ. ಮುಂದೆ ಕೂತವರು ಬೇರೆ, ಊರು ಬೇರೆ ಅಂತ ನಿಮಗೆ ಗೊತ್ತು. ಆದರೆ ಅದನ್ನು ನೀವು ಯೋಚಿಸುವ ಮೊದಲೇ ಎದೆ ಬಿಗಿದು, ಗಂಟಲಿನ ಸ್ನಾಯು ಗಟ್ಟಿಯಾಗಿ, ಉಸಿರು ಮೇಲೇ ನಿಂತಿರುತ್ತದೆ. ತಾರ ಷಡ್ಜ, ಅಂದರೆ ಮೇಲಿನ ‘ಸಾ’, ಹಚ್ಚಬೇಕಾದ ಹೊತ್ತಿಗೆ ಉಸಿರೇ ಇಲ್ಲ ಅಂದರೆ ದನಿ ಎಲ್ಲಿಂದ ಬರಬೇಕು? ಇದು ರಿಯಾಜ್ (ಹಾಡಿನ ಅಭ್ಯಾಸ) ಕಡಿಮೆಯಾಗಿ ಆದದ್ದಲ್ಲ. ನಿಮಗೆ ಧೈರ್ಯ ಇಲ್ಲ ಅಂತಲೂ ಅಲ್ಲ.

ಕಲೆಯ ದಾರಿಯಲ್ಲಿ ಇದರ ಪೆಟ್ಟು ಜಾಸ್ತಿ. ಅಲ್ಲಿ ಎಲ್ಲವೂ ಹಿರಿಯರ ಮೆಚ್ಚುಗೆಯ ಮೇಲೆ ನಿಂತಿರುತ್ತದೆ ಅಲ್ವಾ? ಗುರುಗಳ ಮನೆಗೆ ಒಬ್ಬರೇ ಹೋಗಬೇಕು, ಸಂಘಟಕರ ಜೊತೆ ಮಾತಾಡಬೇಕು, ನೂರು ಜನ ನಿಮ್ಮನ್ನೇ ನೋಡುತ್ತಿರಬೇಕು. ಹೀಗೆ ನೊಂದವರು ಎಷ್ಟೋ ಸಲ ಒಳ್ಳೆಯ ಅವಕಾಶವನ್ನು ಕೊನೇ ಗಳಿಗೆಯಲ್ಲಿ ಬಿಟ್ಟುಬಿಡುತ್ತಾರೆ. ಇಲ್ಲವೇ ಸಂಭಾವನೆ ಎಷ್ಟು ಅಂತ ಬಾಯಿ ಬಿಟ್ಟು ಕೇಳುವುದಿಲ್ಲ. ‘ಅವಳಿಗೆ ಸೊಕ್ಕು’ ಅನ್ನಿಸಿಕೊಳ್ಳುತ್ತಾರೆ.

ಅಮೆರಿಕದ ಕವಿ ಮಾಯಾ ಏಂಜಲೊ ಅವರ ಕಥೆ ಇಲ್ಲಿ ಹೇಳಬೇಕು. ಅವರಿಗೆ ಏಳೆಂಟು ವರ್ಷವಿದ್ದಾಗ ತಾಯಿಯ ಗೆಳೆಯ ಅತ್ಯಾಚಾರ ಮಾಡಿದ. ಮಗು ಅವನ ಹೆಸರು ಹೇಳಿತು, ಕೋರ್ಟಿನಲ್ಲಿ ಸಾಕ್ಷಿಯನ್ನೂ ಹೇಳಿತು. ಆಮೇಲೆ ಆ ಮನುಷ್ಯನನ್ನು ಯಾರೋ ಕೊಂದರು. ತನ್ನ ದನಿಯೇ ಅವನನ್ನು ಕೊಂದಿತು ಅಂದುಕೊಂಡ ಹುಡುಗಿ ಸುಮಾರು ಐದು ವರ್ಷ ಮಾತು ಬಿಟ್ಟಳು. ಅರ್ಕನ್ಸಾ ರಾಜ್ಯದ ಸ್ಟ್ಯಾಂಪ್ಸ್ ಎಂಬ ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಳು. ಅದೇ ಊರಿನ ಶ್ರೀಮತಿ ಫ್ಲವರ್ಸ್ ಅನ್ನುವವರು ಅವಳನ್ನು ಮನೆಗೆ ಕರೆದು, ಬಿಸ್ಕತ್ತು, ನಿಂಬೆ ಪಾನಕ ಕೊಟ್ಟು, ತಾವೇ ಗಟ್ಟಿಯಾಗಿ ಪುಸ್ತಕ ಓದಿ ಕೇಳಿಸಿದರು. ಕವಿತೆಯನ್ನು ಬಾಯಲ್ಲಿ ಹೇಳು ಅಂತ ಪುಸ್ತಕ ಕೊಟ್ಟು ಕಳಿಸಿದರು. ಅವಳ ಮಾತು ಮರಳುವುದಕ್ಕೆ ಅದೇ ದಾರಿಯಾಯಿತು. ಮುಂದೆ ಅವರು ಹಾಡಿದರು, ಕುಣಿದರು, 1969ರಲ್ಲಿ ಇದನ್ನೆಲ್ಲ ಆತ್ಮಕಥೆಯಲ್ಲಿ ಬರೆದರು. 1993ರಲ್ಲಿ ಕ್ಲಿಂಟನ್ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ದಿನ ದೇಶವೇ ಕೇಳುವಂತೆ ತಮ್ಮ ಕವಿತೆ ಓದಿದರು. ಈ ಕಥೆ ಹೇಳುವವರು ಅತ್ಯಾಚಾರದಿಂದ ನೇರ ಆತ್ಮಕಥೆಗೆ ಜಿಗಿಯುತ್ತಾರೆ. ನನಗೆ ಮಾತ್ರ ಆ ಪಾನಕದ ಲೋಟವೇ ಕಣ್ಣಿಗೆ ಬರುತ್ತದೆ. ಒಬ್ಬ ದೊಡ್ಡವರು ಮಗುವನ್ನು ಒಳಗೆ ಕರೆದರು, ಅವಳಿಂದ ಏನನ್ನೂ ಕಸಿಯಲಿಲ್ಲ.

ಚಿಕಿತ್ಸೆ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ. ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಇರುವ ಮನಶ್ಶಾಸ್ತ್ರಜ್ಞರನ್ನೇ ಹುಡುಕಿ. ಮೊದಲ ದಿನವೇ ಎಲ್ಲ ಹೇಳಬೇಕಾಗಿಲ್ಲ. ಒಳ್ಳೆಯವರು ಮೊದಲು ನಿದ್ದೆ, ಉಸಿರು, ಧೈರ್ಯ ಇವುಗಳಿಗೆ ಬುನಾದಿ ಹಾಕುತ್ತಾರೆ. ನೆನಪಿನ ಹತ್ತಿರ ಹೋಗುವುದು ಆಮೇಲೆ, ಅದೂ ನೀವು ಒಪ್ಪಿದರೆ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಯತನಕ ವೇದಿಕೆಯಲ್ಲಿ ಬಾಗಿಲು ಕಾಣುವ ಹಾಗೆ ಕೂರಿ. ತಬಲಾದವರಿಗೆ ‘ನಾನು ಕಣ್ಣು ಮಾಡಿದರೆ ಎರಡು ಆವರ್ತನ (ತಾಳದ ಸುತ್ತು) ನೀವೇ ನುಡಿಸಿ’ ಅಂತ ಹೇಳಿಟ್ಟಿರಿ. ಆ ಹೊತ್ತಿನಲ್ಲಿ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ.

ಅವ್ವನ ಮಾತು ಇನ್ನೂ ಚುಚ್ಚುತ್ತಿರಬೇಕು. ನಿಮ್ಮನ್ನು ಕಾಯಬೇಕಾದವರು ಕಾಯಲಿಲ್ಲ. ಅದಕ್ಕೆ ಸಿಟ್ಟು ಬಂದರೆ ಬರಲಿ, ತಪ್ಪಿಲ್ಲ. ಇಂಥದ್ದು ನಮ್ಮ ಮನೆಯಲ್ಲಿ ಮಾತ್ರ ಆಗಿದೆ ಅನ್ನಿಸುವುದು ಸಹಜ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು.

ದೂರು ಕೊಡಬೇಕೇ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ನಿಮ್ಮದು ಅದಕ್ಕೂ ಹಿಂದಿನದು, ಹಾಗಾಗಿ ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ) ಅನ್ವಯವಾಗುತ್ತದೆ. ಗಂಭೀರ ಅಪರಾಧಗಳಿಗೆ ಕಾಲಮಿತಿ ಇಲ್ಲ, ವಕೀಲರನ್ನು ಕೇಳಿ ನೋಡಿ. ಕೊಡುವುದು, ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಮನುಷ್ಯನ ಹತ್ತಿರ ಇವತ್ತಿಗೂ ಮಕ್ಕಳು ಹೋಗಿ ಬರುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, ಕಾಯಬೇಡಿ.

ಈ ವಾರ ಒಂದು ಕೆಲಸ ಮಾಡಿ. ಅದೇ ಗೆಳತಿಯನ್ನು ಮನೆಗೆ ಕರೆದು ಒಂದು ಚೀಜ್ (ರಾಗದ ಬಂದಿಶ್) ಪೂರ್ತಿ ಹಾಡಿ. ಮುಗಿದ ಮೇಲೆ ‘ಚಂದ ಹಾಡಿದಿ’ ಅನ್ನಬೇಡ, ಸುಮ್ನೆ ಎದ್ದು ಹೋಗಿ ಚಹಾಕ್ಕಿಡು ಅಂತ ಮೊದಲೇ ಹೇಳಿರಿ.