ಸಂಪಾದಕರ ಉತ್ತರ: ಹಾಲಿನ ಡೈರಿಯ ಮೆಂಟೆನೆನ್ಸ್ ವಿಭಾಗಕ್ಕೆ ಅಪ್ರೆಂಟಿಸ್ ಆಗಿ ಸೇರಬಹುದೇ?

ಸಿಂಧನೂರು ತಾಲ್ಲೂಕಿನ ಯುವ ಓದುಗರೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಸರ್ಕಾರಿ ಐಟಿಐಯಲ್ಲಿ ಎರಡು ವರ್ಷದ ಫಿಟ್ಟರ್ ತರಬೇತಿ ಮುಗಿಸಿರುವ ಅವರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರಕ್ಕೂ ಅರ್ಜಿ ಹಾಕಿ ಕರೆಗಾಗಿ ಕಾಯುತ್ತಿದ್ದಾರೆ. ಈ ನಡುವೆ ಹಾಲಿನ ಡೈರಿಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿ ಒಂದು ವರ್ಷದ ಅಪ್ರೆಂಟಿಸ್ ಅವಕಾಶ ಬಂದಿದೆ. ಗಂಗಾವತಿಯ ಕಡೆ ಅಕ್ಕಿ ಗಿರಣಿಯೊಂದರಲ್ಲಿ ಮೇಸ್ತ್ರಿಯಾಗಿರುವ ಅವರ ಸೋದರಮಾವ, “ಹಾಲಿನ ಫ್ಯಾಕ್ಟರ್‍ಯಾಗ ಫಿಟ್ಟರ್‌ಗೆ ಏನ್ ಕೆಲಸ ಐತಿ? ನಟ್ಟು ಬಿಗಿಯೋದು, ಗ್ರೀಸ್ ಹಚ್ಚೋದು ಅಷ್ಟೇ. ನನ್ನ ಕೂಡ ಮಿಲ್ಲಿಗೆ ಬಾ, ಹೆಚ್ಚಿಗಿ ಪಗಾರ ಕೊಡಿಸ್ತೀನಿ” ಎಂದಿದ್ದಾರಂತೆ. ಅಲ್ಲಿ ನಿಜವಾಗಿ ಕಲಿಯುವುದೇನು, ಸಹಿ ಹಾಕುವ ಮೊದಲು ಏನನ್ನು ನೋಡಬೇಕು, ಉಕ್ಕಿನ ಕಾರ್ಖಾನೆಯ ಕರೆ ಬರುವವರೆಗೆ ಕಾಯುವುದು ಲೇಸೇ ಎಂಬುದು ಪತ್ರದ ಪ್ರಶ್ನೆಗಳು.

ಅಡ್ಡಗೋಡೆಯ ಮೇಲೆ ದೀಪವಿಡದೆ ಹೇಳುವುದಾದರೆ, ಒಪ್ಪಂದ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನೋಂದಣಿಯಾಗುವುದಾದರೆ ಡೈರಿಗೆ ಸೇರಿ ಎಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ನಿಮ್ಮ ಮಾವನವರ ಮಾತು ನಮ್ಮ ಭಾಗದಲ್ಲಿ ಬಹಳ ಜನರ ಮಾತು.

ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಆಹಾರ ಉದ್ಯಮವೆಂದರೆ ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವನ್ನು ಅಕ್ಕಿ ಮಾಡುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳ ಗಿರಣಿಗಳು ಮೊದಲು ನೆನಪಾಗುತ್ತವೆ. ಅವುಗಳ ಜೊತೆಗೆ ತೌಡಿನಿಂದ ಎಣ್ಣೆ ತೆಗೆಯುವ ಘಟಕಗಳು, ಹತ್ತಿಕಾಳು ಮತ್ತು ಶೇಂಗಾ ಎಣ್ಣೆಯ ಗಿರಣಿಗಳು, ಮೆಣಸಿನಕಾಯಿ ಇಡುವ ಶೀತಲಗೃಹಗಳು, ಕುಡಿಯುವ ನೀರಿನ ಬಾಟ್ಲಿಂಗ್ ಘಟಕಗಳು, ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ) ಹಾಲು ಒಕ್ಕೂಟದಂಥ ಸಹಕಾರಿ ಸಂಸ್ಥೆಗಳು ಇವೆ. ಇಷ್ಟೂ ಕಡೆ ಯಂತ್ರ ನೋಡಿಕೊಳ್ಳುವವರು ಬೇಕು. ಆದರೆ ಕೇಳಿ ನೋಡಿದರೆ ಬಹುಪಾಲು ಮಂದಿ ಅಣ್ಣನಿಂದಲೋ ಮಾವನಿಂದಲೋ ನೋಡಿ ಕಲಿತವರು. ಕ್ರಮವಾಗಿ, ದಾಖಲೆ ಸಹಿತ, ಪರೀಕ್ಷೆ ಬರೆದು ಕಲಿತವರು ಕಡಿಮೆ. ನಿಮ್ಮ ಮುಂದೆ ಬಂದಿರುವುದು ಆ ಎರಡನೆಯ ದಾರಿ.

ಗ್ರೀಸ್ ಹಚ್ಚುವ ಮಾತಿನಿಂದಲೇ ಆರಂಭಿಸೋಣ. ಗ್ರೀಸ್ ಹಚ್ಚುವುದು ಸಣ್ಣ ಕೆಲಸವೆಂದು ತಿಳಿದವರೇ ಬೇರಿಂಗುಗಳನ್ನು ಬೇಗ ಸುಡುತ್ತಾರೆ. ಬೇರಿಂಗಿನ ಮನೆಯನ್ನು ಗ್ರೀಸಿನಿಂದ ಪೂರ್ತಿ ತುಂಬಿದರೆ ಅದು ಒಳಗೇ ಕಡೆದು ಕಾವೇರುತ್ತದೆ. ಕಡಿಮೆ ಹಾಕಿದರೆ ಸವೆಯುತ್ತದೆ. ಆಹಾರದ ಕಾರ್ಖಾನೆಯಲ್ಲಿ ಇನ್ನೂ ಒಂದು ತೊಡಕಿದೆ. ಆಹಾರಕ್ಕೆ ತಾಗುವ ಸಾಧ್ಯತೆಯಿರುವ ಜಾಗಗಳಲ್ಲಿ ಲಾರಿಗೆ ಹಾಕುವ ಗ್ರೀಸನ್ನು ಬಳಸುವಂತಿಲ್ಲ. ಅಕಸ್ಮಾತ್ ತಾಗಿದರೂ ಅಪಾಯವಾಗದಂತೆ ತಯಾರಿಸಿದ, ‘ಎಚ್1’ ಎಂದು ವರ್ಗೀಕರಿಸಿದ ಗ್ರೀಸೇ ಬೇಕು. ಎರಡು ಡಬ್ಬಗಳು ಪಕ್ಕಪಕ್ಕದಲ್ಲಿದ್ದಾಗ ಯಾವುದು ಎಲ್ಲಿಗೆ ಎಂದು ಗುರುತಿಸಿ, ಹಾಕಿದ್ದನ್ನು ಪುಸ್ತಕದಲ್ಲಿ ಬರೆಯುವುದು ಈ ಕೆಲಸದ ಮೊದಲ ಪಾಠ.

ನಿಮ್ಮ ಐಟಿಐಯಲ್ಲಿ ಕಲಿತ ಫಿಟ್ಟರ್ ಕೆಲಸಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ಉಕ್ಕಿನ ಕಾರ್ಖಾನೆಯಲ್ಲಿ ಯಂತ್ರ ತಿರುಗತೊಡಗಿದರೆ ದುರಸ್ತಿ ಬಹುಮಟ್ಟಿಗೆ ಮುಗಿದಂತೆ. ಡೈರಿಯಲ್ಲಿ ಹಾಗಲ್ಲ: ಬಿಚ್ಚಿದ ನಟ್ಟು, ವಾಷರುಗಳ ಲೆಕ್ಕ ಸರಿಹೋಗಬೇಕು, ಒಯ್ದ ಸ್ಪ್ಯಾನರುಗಳೆಲ್ಲ ಪೆಟ್ಟಿಗೆಗೆ ಮರಳಿರಬೇಕು, ಡ್ರಿಲ್ ಮಾಡಿದ್ದರೆ ಲೋಹದ ಚೂರುಗಳನ್ನು ಒಂದೂ ಬಿಡದೆ ತೆಗೆದಿರಬೇಕು, ಪೈಪಿನ ಆ ಭಾಗವನ್ನು ತೊಳೆದು ಗುಣಮಟ್ಟದ ವಿಭಾಗದವರು ಒಪ್ಪಿ ಸಹಿ ಮಾಡಬೇಕು. ಆಮೇಲೆಯೇ ಹಾಲು ಬಿಡುವುದು. ತಂತಿಯ ಬ್ರಷ್ಷಿನ ಒಂದು ಎಳೆ ಉದುರಿ ಪಾಕೀಟಿನೊಳಗೆ ಹೋದರೆ ಅದು ಯಾವ ಮನೆಯ ಮಗುವಿನ ಲೋಟಕ್ಕೆ ಬೀಳುತ್ತದೆ ಎಂದು ಹೇಳಲಾಗದು. ಹೀಗಾಗಿಯೇ ಉಂಗುರ, ಕೈಗಡಿಯಾರ, ಮಣಿಕಟ್ಟಿನ ಕಾಶಿದಾರಗಳನ್ನು ಬಾಗಿಲಲ್ಲೇ ತೆಗೆಸುತ್ತಾರೆ. ಗುಟ್ಕಾ, ಎಲೆಯಡಿಕೆಯ ಮಾತಂತೂ ದೂರವೇ ಉಳಿಯಿತು. ಕಾಶಿದಾರ ತೆಗೆಯಲು ಹೇಳಿದರೆಂದು ಮನಸ್ಸಿಗೆ ನೋವು ಮಾಡಿಕೊಳ್ಳಬೇಡಿ. ಅದು ತಿರುಗುವ ಶಾಫ್ಟಿಗೆ ಸಿಕ್ಕಿದರೆ ಕೈಯನ್ನೂ ಒಳಗೆಳೆಯುತ್ತದೆ.

ಇನ್ನು ಯಂತ್ರಗಳ ವಿಷಯ. ಡೈರಿಯ ಹೃದಯವೆಂದರೆ ಹಾಲಿನ ರೋಗಾಣುಗಳನ್ನು ಶಾಖದಿಂದ ಕೊಲ್ಲುವ ಪಾಶ್ಚರೈಸರ್. ಸಾಮಾನ್ಯ ಪಾಕೀಟು ಹಾಲನ್ನು ಕನಿಷ್ಠ 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆ ಶಾಖದಲ್ಲಿ 15 ಸೆಕೆಂಡು ಹಿಡಿದು, ಬಳಿಕ 4 ಡಿಗ್ರಿಯ ಆಸುಪಾಸಿಗೆ ತಣಿಸುತ್ತಾರೆ. ಇದು ನಡೆಯುವುದು ತೆಳುವಾದ ಸ್ಟೀಲ್ ಫಲಕಗಳನ್ನು ರಬ್ಬರ್ ಗ್ಯಾಸ್ಕೆಟ್ ಸಹಿತ ಒತ್ತಿ ಜೋಡಿಸಿದ ಹೀಟ್ ಎಕ್ಸ್‌ಚೇಂಜರಿನಲ್ಲಿ. ಫಲಕದ ಒಂದು ಬದಿಯಲ್ಲಿ ಒಳಬರುವ ತಣ್ಣನೆಯ ಹಸಿ ಹಾಲು, ಇನ್ನೊಂದು ಬದಿಯಲ್ಲಿ ಕಾದು ಹೊರಹೋಗುವ ಹಾಲು. ಕಾದದ್ದು ತನ್ನ ಶಾಖವನ್ನು ಹಸಿ ಹಾಲಿಗೆ ದಾಟಿಸುವುದರಿಂದ ಇಂಧನ ಬಹಳ ಉಳಿಯುತ್ತದೆ. ಆದರೆ ಫಲಕದಲ್ಲಿ ಸೂಜಿಮೊನೆಯಷ್ಟು ತೂತಾದರೂ ಹಸಿ ಹಾಲು ಕಾದ ಹಾಲಿಗೆ ಸೇರುವ ಭಯವಿದೆ. ಆದ್ದರಿಂದ ಕಾದ ಹಾಲಿನ ಬದಿಯ ಒತ್ತಡವನ್ನು ಯಾವಾಗಲೂ ಹೆಚ್ಚಾಗಿ ಇಟ್ಟಿರುತ್ತಾರೆ: ಸೋರಿದರೂ ಶುದ್ಧವಾದದ್ದು ಹಸಿಯ ಕಡೆ ಸೋರಲಿ ಎಂಬ ಉಪಾಯ. ಅದರ ಮುಂದೆ ಒಂದು ಡೈವರ್ಷನ್ ವಾಲ್ವ್ ಇರುತ್ತದೆ. ಶಾಖ ನಿಗದಿತ ಮಟ್ಟಕ್ಕಿಂತ ಇಳಿದೊಡನೆ ಅದು ಹಾಲನ್ನು ಮುಂದಕ್ಕೆ ಬಿಡದೆ ಮೊದಲಿನ ಟ್ಯಾಂಕಿಗೇ ತಿರುಗಿಸುತ್ತದೆ.

ಈ ವಾಲ್ವ್ ಮೇಲಿಂದ ಮೇಲೆ ತಿರುಗಿ ಪ್ಯಾಕಿಂಗ್ ನಿಂತಾಗ, ಅದನ್ನೇ ಕಟ್ಟಿಹಾಕಿಬಿಡೋಣ ಎನ್ನುವವರು ಯಾವ ಕಾರ್ಖಾನೆಯಲ್ಲಾದರೂ ಒಬ್ಬರಿರುತ್ತಾರೆ. ಅದಕ್ಕೆ ಕೈಹಾಕಬಾರದು. ಬಾಯ್ಲರಿನ ಹಬೆ ಕಡಿಮೆಯಾಗಿದೆಯೇ, ಫಲಕಗಳ ಮೇಲೆ ಹಾಲಿನ ಪೊರೆ ಕಟ್ಟಿದೆಯೇ, ಶಾಖ ಅಳೆಯುವ ಸೆನ್ಸರ್ ತಪ್ಪು ತೋರಿಸುತ್ತಿದೆಯೇ ಎಂದು ಒಂದೊಂದಾಗಿ ಹುಡುಕಬೇಕು. ದೋಷ ಹುಡುಕುವ ಈ ಕ್ರಮವೇ ನಿಮ್ಮ ವರ್ಷದ ನಿಜವಾದ ಗಳಿಕೆ; ಫೈಲಿಂಗ್ ಮತ್ತು ಡ್ರಿಲ್ಲಿಂಗ್ ನಿಮಗೆ ಈಗಾಗಲೇ ಬರುತ್ತದೆ.

ತಣಿಸುವ ವಿಭಾಗದ ಬಗ್ಗೆ ಒಂದು ಎಚ್ಚರಿಕೆ. ದೊಡ್ಡ ಡೈರಿಗಳಲ್ಲಿ ತಂಪು ಬರುವುದು ಅಮೋನಿಯಾದಿಂದ. ಅದರ ವಾಸನೆ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ಹೊಡೆಯುತ್ತದೆ. ಪ್ರಮಾಣ ಹೆಚ್ಚಾದರೆ ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಸೋರಿಕೆಯಾದಾಗ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿಯೋ ಎದುರಾಗಿಯೋ ಹೊರಗೆ ಹೋಗಬೇಕು, ಗಾಳಿಯ ಜೊತೆಗೇ ಓಡಬಾರದು. ಅಮೋನಿಯಾ ತಾಮ್ರವನ್ನೂ ಹಿತ್ತಾಳೆಯನ್ನೂ ತಿಂದುಹಾಕುವುದರಿಂದ, ಕೈಗೆ ಸಿಕ್ಕಿತೆಂದು ಹಿತ್ತಾಳೆಯ ಫಿಟಿಂಗನ್ನು ಆ ಲೈನಿಗೆ ಹಾಕುವಂತಿಲ್ಲ. ಅಪ್ರೆಂಟಿಸ್ ಒಬ್ಬನೇ ಆ ಕೋಣೆಗೆ ಹೋಗಬಾರದು. ಮೊದಲ ದಿನವೇ ಮುಖಕವಚ ಎಲ್ಲಿದೆ, ಮುಖ್ಯ ವಾಲ್ವ್ ಎಲ್ಲಿದೆ, ಜನ ಸೇರಬೇಕಾದ ಜಾಗ ಯಾವುದು ಎಂದು ಕೇಳಿಕೊಳ್ಳಿ. ಕೇಳಿದ್ದಕ್ಕೆ ನಕ್ಕರೆ ನಗಲಿ. ಪೈಪುಗಳನ್ನು ಒಳಗಿನಿಂದಲೇ ತೊಳೆಯುವ ಸಿಐಪಿ ವ್ಯವಸ್ಥೆಯಲ್ಲಿ ಬಿಸಿ ಕಾಸ್ಟಿಕ್ ಸೋಡಾ ಮತ್ತು ನೈಟ್ರಿಕ್ ಆಮ್ಲ ಹರಿಯುತ್ತವೆ. ಆ ಪೈಪಿನ ಜಾಯಿಂಟ್ ಬಿಚ್ಚುವ ಮುನ್ನ ಪಂಪಿನ ಸ್ವಿಚ್ಚಿಗೆ ನಿಮ್ಮದೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಿ.

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಈ ತಂಪಿನ ಯಂತ್ರಗಳಿಗೆ ಪರೀಕ್ಷೆಯ ಕಾಲ. ಕೊಳವೆಬಾವಿಯ ಗಡಸು ನೀರು ಬಳಸುವಲ್ಲಿ ಕಂಡೆನ್ಸರಿನ ಕೊಳವೆಗಳ ಮೇಲೆ ಸುಣ್ಣದ ಪದರ ಕಟ್ಟಿ, ಶಾಖ ಹೊರಹೋಗದೆ ಕಂಪ್ರೆಸರಿನ ಒತ್ತಡ ಏರುತ್ತದೆ. ಫೆಬ್ರುವರಿಯೊಳಗೆ ಆ ಪದರ ತೆಗೆಸಿದವರಿಗೆ ಏಪ್ರಿಲ್ ಸುಗಮ. ಕೆಡುವ ಮೊದಲೇ ನೋಡುವುದರ ಬೆಲೆ ಏನೆಂದು ನಮ್ಮ ಭಾಗದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಫಲಕಗಳನ್ನು ಇಳಿಸಿ ನೀರು ತಡೆಯುವವರೆಗಿನ ದಿನಗಳನ್ನು ಎರಡನೇ ಬೆಳೆಯ ಚಿಂತೆಯಲ್ಲೇ ಕಳೆದವರು ಅವರು.

ಹಾಗೆಂದು ನಿಮ್ಮ ಮಾವನವರ ವಿದ್ಯೆಯನ್ನು ಹಗುರ ಮಾಡುತ್ತಿಲ್ಲ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಹರಿಯುವ ಪೈಪುಗಳನ್ನೂ ಫ್ಯಾನಿನ ರೆಕ್ಕೆಗಳನ್ನೂ ಮರಳುಕಾಗದದಂತೆ ಉಜ್ಜಿ ತೆಳುಮಾಡುತ್ತದೆ. ಯಾವ ತಿರುವಿನಲ್ಲಿ ಮೊದಲು ತೂತು ಬೀಳುತ್ತದೆಂದು ಅನುಭವಿ ಮೇಸ್ತ್ರಿ ಸದ್ದಿನಿಂದಲೇ ಹೇಳಬಲ್ಲ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ರಬ್ಬರ್ ರೋಲುಗಳ ನಡುವೆ ಭತ್ತ ಸುಲಿಯುವಾಗ, ಅಂತರ ಸ್ವಲ್ಪ ಬಿಗಿಯಾದರೂ ನುಚ್ಚು ಹೆಚ್ಚುತ್ತದೆ. ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಒಣ, ಎಣ್ಣೆಯಿಲ್ಲದ ಗಾಳಿ ಬೇಕು. ಕಂಪ್ರೆಸರಿನಿಂದ ನೀರಿನ ಪಸೆ ಬಂದರೆ ಅದರ ಸಣ್ಣ ವಾಲ್ವುಗಳು ಕೆಡುತ್ತವೆ. ಇವೆಲ್ಲ ಮಾವನವರಿಂದಲೇ ಕಲಿಯುವಂಥವು, ರಜೆಯ ದಿನಗಳಲ್ಲಿ ಹೋಗಿ ಕಲಿಯಿರಿ. ಆದರೆ ಆ ಕಲಿಕೆಗೆ ಕಾಗದವಿಲ್ಲ, ಮತ್ತು ಊರು ಬಿಟ್ಟು ಹೊರಗೆ ಹೋದಾಗ ಕಾಗದ ಕೇಳುತ್ತಾರೆ. ಮಿಲ್ಲಿನ ಹೆಚ್ಚಿನ ಪಗಾರವನ್ನು ಇಪ್ಪತ್ತರ ವಯಸ್ಸಿನಲ್ಲಿ ಒಂದು ವರ್ಷ ಮುಂದೂಡುವುದು ನಷ್ಟವೆಂದು ನಮಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಸಾಲದ ಒತ್ತಡವಿದ್ದರೆ ಮಾತ್ರ ಲೆಕ್ಕ ಬೇರೆ, ಅದನ್ನು ನೀವೇ ಬಲ್ಲಿರಿ.

ಈಗ ಒಪ್ಪಂದದ ಮಾತು. ಅಪ್ರೆಂಟಿಸ್ ತರಬೇತಿ 1961ರ ಶಿಶಿಕ್ಷು (ಅಪ್ರೆಂಟಿಸ್) ಕಾಯ್ದೆಯಡಿ ನಡೆಯುತ್ತದೆ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಹಾಗಾಗಿ ನಿಮ್ಮನ್ನು ಸೇರಿಸಿಕೊಳ್ಳುವುದು ಅವರ ಉಪಕಾರವೆಂದು ತಲೆತಗ್ಗಿಸಿ ಹೋಗಬೇಕಿಲ್ಲ. 2019ರ ನಿಯಮಗಳಲ್ಲಿ ಐಟಿಐ ಮುಗಿಸಿದವರಿಗೆ ಕನಿಷ್ಠ ಶಿಷ್ಯವೇತನ ತಿಂಗಳಿಗೆ 7,000 ರೂಪಾಯಿ ಎಂದು ನಿಗದಿಯಾಗಿತ್ತು. ಅದನ್ನು ಶೇ. 36ರಷ್ಟು ಏರಿಸಬೇಕೆಂದು ಕೇಂದ್ರ ಶಿಶಿಕ್ಷು ಮಂಡಳಿ 2025ರಲ್ಲಿ ಶಿಫಾರಸು ಮಾಡಿದೆ. ಸಹಿ ಮಾಡುವ ದಿನ ಜಾರಿಯಲ್ಲಿರುವ ದರವನ್ನು ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಅದು ಕನಿಷ್ಠ ಮಾತ್ರ, ಸಂಸ್ಥೆ ಹೆಚ್ಚು ಕೊಡಬಹುದು. ಕಾಯ್ದೆಯ ಕಣ್ಣಿನಲ್ಲಿ ನೀವು ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಹೀಗಾಗಿ ಪಿಎಫ್, ಇಎಸ್‌ಐ ಇರುವುದಿಲ್ಲ. ಆದರೆ ಸುರಕ್ಷತೆಯ ನಿಯಮಗಳು ನಿಮಗೂ ಅನ್ವಯಿಸುತ್ತವೆ, ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಯದು, ಸರ್ಕಾರದ ಶಿಶಿಕ್ಷು ಸಲಹೆಗಾರರ ಒಪ್ಪಿಗೆಯಿಲ್ಲದೆ ನಿಮ್ಮಿಂದ ಓವರ್‌ಟೈಮ್ ಮಾಡಿಸುವಂತಿಲ್ಲ. ಈ ರಕ್ಷಣೆಯೆಲ್ಲ ಒಪ್ಪಂದ ನೋಂದಣಿಯಾಗಿದ್ದರೆ ಮಾತ್ರ ಗಟ್ಟಿಯಾಗಿ ಸಿಗುತ್ತದೆ. “ಮೊದಲು ಎರಡು ತಿಂಗಳು ಬಾ, ಆಮೇಲೆ ಕಾಗದ ಮಾಡೋಣ” ಎಂದರೆ ಕೈಮುಗಿದು ಹೊರಬನ್ನಿ.

ವರ್ಷ ಮುಗಿದ ಮೇಲೆ ಅಲ್ಲಿಯೇ ನೌಕರಿ ಕೊಡಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ಒಪ್ಪಂದದಲ್ಲಿ ಹಾಗೆಂದು ಬರೆದಿದ್ದರೆ ಮಾತ್ರ ಉಂಟು. ಅಖಿಲ ಭಾರತ ಮಟ್ಟದ ಪರೀಕ್ಷೆ ಬರೆದು ಪಡೆಯುವ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ನಿಮ್ಮದಾಗುತ್ತದೆ. ತೋರಣಗಲ್ಲಿಗೋ ಶಕ್ತಿನಗರಕ್ಕೋ ಹಟ್ಟಿ ಚಿನ್ನದ ಗಣಿಗೋ ಮುಂದೆ ಅರ್ಜಿ ಹಾಕಲು ಅದು ಅಡ್ಡಿಯಾಗದು. ಆದರೆ ಒಮ್ಮೆ ಡೈರಿಯಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದರೆ ಅದೇ ಟ್ರೇಡಿನಲ್ಲಿ ಇನ್ನೊಂದು ಕಡೆ ಮತ್ತೆ ಅಪ್ರೆಂಟಿಸ್ ಆಗಬಹುದೆಂದು ಲೆಕ್ಕ ಹಾಕಬೇಡಿ. ಮುಂದಿನದು ನೌಕರಿಯ ಅರ್ಜಿಯೇ. ದೊಡ್ಡ ಕಾರ್ಖಾನೆಯಲ್ಲಿ ವರ್ಷವಿಡೀ ಒಂದೇ ವಿಭಾಗದ ಒಂದೇ ಬಗೆಯ ಯಂತ್ರದ ಮುಂದೆ ನಿಲ್ಲುವ ಸಂಭವವೂ ಇದೆ. ಮಧ್ಯಮ ಗಾತ್ರದ ಡೈರಿಯಲ್ಲಿ ಬಾಯ್ಲರ್, ಅಮೋನಿಯಾ ಕಂಪ್ರೆಸರ್, ಪಂಪು, ಗಾಳಿಯ ಸಿಲಿಂಡರು, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಪ್ಯಾನೆಲ್ ಎಲ್ಲವೂ ಒಂದೇ ಆವರಣದಲ್ಲಿರುತ್ತವೆ. ಫಿಟ್ಟರ್ ಆದ ನಿಮಗೆ ಪ್ಯಾನೆಲ್ ಬಿಚ್ಚಲು ಬಿಡಲಿಕ್ಕಿಲ್ಲ, ಆದರೆ ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ಸೆನ್ಸರಿನ ಸಂಕೇತ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಿಕೊಳ್ಳುವುದನ್ನು ಯಾರೂ ತಡೆಯರು. ಬಾಯ್ಲರಿನ ಬಗ್ಗೆ ಆಸಕ್ತಿ ಹುಟ್ಟಿದರೆ, ಅಗತ್ಯವಾದ ಅನುಭವ ಪಡೆದು ಬಾಯ್ಲರ್ ಅಟೆಂಡೆಂಟ್ ಪರೀಕ್ಷೆಗೆ ಕೂರಬಹುದು. ಪ್ರಮಾಣಪತ್ರವಿಲ್ಲದವರ ಕೈಗೆ ಬಾಯ್ಲರ್ ಒಪ್ಪಿಸುವಂತಿಲ್ಲವಾದ್ದರಿಂದ, ಹೊಟ್ಟು ಉರಿಸಿ ಹಬೆ ಮಾಡುವ ಅಕ್ಕಿ ಗಿರಣಿಗಳಲ್ಲಿಯೂ ಅದಕ್ಕೆ ಬೇಡಿಕೆ ಇದ್ದೇ ಇದೆ. ಆಗ ಮಾವನವರ ಮಿಲ್ಲಿಗೇ ಬೇರೆ ದರ್ಜೆಯಲ್ಲಿ ಹೋಗಬಹುದು.

ಕೊನೆಗೆ, ಪತ್ರದ ಜೊತೆ ನೀವು ಕಳಿಸಿರುವ ಜೆರಾಕ್ಸ್ ಪ್ರತಿಗಳಲ್ಲಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ತಂದೆಯ ಹೆಸರಿನ ಅಕ್ಷರದಲ್ಲಿ ವ್ಯತ್ಯಾಸವಿದೆ. ಶಿಷ್ಯವೇತನದಲ್ಲಿ ಸರ್ಕಾರದ ಪಾಲು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರವಾಗಿ ಬರುವುದರಿಂದ ಇದು ಮುಂದೆ ತೊಡಕಾಗಬಹುದು. ಡೈರಿಯವರಿಗೆ ಒಪ್ಪಿಗೆ ತಿಳಿಸುವ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ತಿದ್ದಿಸಿಕೊಳ್ಳಿ. ತಿದ್ದುಪಡಿಯ ಚೀಟಿಯನ್ನು ಜೋಪಾನವಾಗಿಡಿ, ಮತ್ತು ಇನ್ನು ಮುಂದೆ ಇಂಥ ದಾಖಲೆಗಳನ್ನು ಪತ್ರಿಕೆಗಳಿಗೆ ಅಂಚೆಯಲ್ಲಿ ಕಳಿಸಬೇಡಿ. ನಿಮ್ಮ ಪ್ರತಿಗಳನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಿರುಗಿಸುತ್ತಿದ್ದೇವೆ.

— ಸಂಪಾದಕ