ಜ್ವರವಿಲ್ಲದೆ ಫಿಟ್ಸ್ ಬಂದಿದ್ದರ ಬಗ್ಗೆ

ಒಂದೂವರೆ ವರ್ಷದ ಮಗಳಿಗೆ ವಾಂತಿ-ಭೇದಿ ಶುರುವಾದ ಮರುದಿನ, ಜ್ವರವೇ ಇಲ್ಲದೆ ಎರಡು ಸಲ ಫಿಟ್ಸ್ ಬಂತು, ಇದು ಮೂರ್ಛೆರೋಗವಾ ಅಂತ ಕೇಳಿದ್ದೀರಿ. ನಿಮ್ಮ ಗಾಬರಿ ಅರ್ಥವಾಗುತ್ತದೆ ಅಮ್ಮಾ. ವಾಂತಿ-ಭೇದಿ ತರುವ ರೋಟಾ, ನೊರೊ ವೈರಸ್ ಸೋಂಕಿನಲ್ಲಿ ಈ ವಯಸ್ಸಿನ ಮಕ್ಕಳಿಗೆ ಹೀಗಾಗುವುದುಂಟು. ಜಪಾನಿನಲ್ಲಿ 1982ರಲ್ಲೇ ಇದನ್ನು ಗುರುತಿಸಿದ್ದರು. ಒಂದೇ ದಿನ ಮತ್ತೆ ಮತ್ತೆ ಬರುವುದು ಇದರಲ್ಲಿ ಜಾಸ್ತಿ. ಬಹುತೇಕ ಮಕ್ಕಳಿಗೆ ಮುಂದೆ ಮೂರ್ಛೆರೋಗ ಬರುವುದಿಲ್ಲ, ವರ್ಷಗಟ್ಟಲೆ ಔಷಧಿಯೂ ಬೇಕಾಗುವುದಿಲ್ಲ.

ಆದರೆ ಇದು ಅದೇ ಅಂತ ಮನೆಯಲ್ಲೇ ತೀರ್ಮಾನಿಸಬೇಡಿ. ರಕ್ತದ ಸಕ್ಕರೆ, ಸೋಡಿಯಂ (ಉಪ್ಪಿನಂಶ) ನೋಡಿದ್ದಾರಾ ಅಂತ ಡಾಕ್ಟರನ್ನು ಕೇಳಿ. ಅವು ಇಳಿದರೂ ಫಿಟ್ಸ್ ಬರುತ್ತದೆ. ಓಆರ್‌ಎಸ್ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ತೆಳ್ಳಗೆ ಮಾಡಬೇಡಿ. ಮತ್ತೆ ಬಂದರೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ, ನೀರು ಏನೂ ಬೇಡ. ಕೈಗೆ ಕಬ್ಬಿಣ ಕೊಡಿ ಅನ್ನುವವರ ಮಾತು ಕೇಳಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ. 5 ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.